ಸಂಕಲ್ಪಕ್ಕೊಂದು ವಿಳಾಸ

ಪೂಜೆಗೆ ಕುಳಿತ ಭಟ್ಟರು ಯಜಮಾನನ ಬೇಡಿಕೆಯನ್ನು ಕೂಡಲೇ ದೇವರ ಮುಂದಿಡುವುದಿಲ್ಲ. ಭರತಖಂಡ, ಗೋದಾವರಿಯ ದಕ್ಷಿಣ ತೀರ, ಶಾಲಿವಾಹನ ಶಕೆ ಎಂದು ಆರಂಭಿಸಿ, ಸಂವತ್ಸರದಿಂದ ತಿಥಿಯವರೆಗೆ ಎಲ್ಲವನ್ನೂ ಹೇಳಿ, ಗೋತ್ರ ನಕ್ಷತ್ರಗಳನ್ನೂ ಉಚ್ಚರಿಸಿದ ಮೇಲೆಯೇ ಅವನಿಗೆ ಬೇಕಾದುದೇನೆಂಬ ಮಾತು ಬರುತ್ತದೆ. ಹೊಸ ವರ್ಷಕ್ಕೆ ನಾವು ಮಾಡಿಕೊಳ್ಳುವ ಕಲಿಕೆಯ ಸಂಕಲ್ಪಗಳಲ್ಲಿ ಮಾತ್ರ ಈ ಶಿಸ್ತು ಕಾಣುವುದಿಲ್ಲ. ‘ಇತಿಹಾಸ ಓದಬೇಕು’, ‘ವಿಜ್ಞಾನ ತಿಳಿಯಬೇಕು’ ಎನ್ನುತ್ತೇವೆ. ಯಾವ ಊರಿನ ಇತಿಹಾಸ, ಯಾವ ಮಳೆಯಲ್ಲಿ, ಯಾರನ್ನು ಕೇಳಿ ಎಂಬುದನ್ನು ಹೇಳುವುದಿಲ್ಲ. ವಿಳಾಸವಿಲ್ಲದ ಕಾಗದದಂತೆ ಅವು ಎಲ್ಲಿಗೂ ತಲುಪದಿರುವುದರಲ್ಲಿ ಆಶ್ಚರ್ಯವೇನಿದೆ?

ಅಲ್ಲದೆ, ಜನವರಿ ಒಂದನೆಯ ತಾರೀಖು ಅಡಿಕೆ ತೋಟದವರ ಸಂಕಲ್ಪಕ್ಕೆ ತಕ್ಕ ದಿನವಲ್ಲ. ಆಗ ಅಂಗಳದ ತುಂಬ ಅಡಿಕೆ, ಜಗಲಿಯ ತುಂಬ ಸುಲಿಯುವವರು. ಮೆಟ್ಟುಗತ್ತಿಯ ಮುಂದೆ ಕುಳಿತವರಿಗೆ ಪುಸ್ತಕ ಹಿಡಿಯಲು ಮೂರನೆಯ ಕೈ ಬೇಕು. ಯುಗಾದಿಯ ಹೊತ್ತಿಗೆ ಮದುವೆ, ಮುಂಜಿಗಳ ತಿರುಗಾಟ. ನಮ್ಮ ಸಾಗರದ ಸೀಮೆಯಲ್ಲಿ ಓದಿನ ವರ್ಷ ನಿಜವಾಗಿ ಆರಂಭವಾಗುವುದು ಆರಿದ್ರಾ ಮಳೆಯಿಂದ. ಕರೆಂಟು ಹೋಗಿ, ರಸ್ತೆಗೆ ಮರ ಬಿದ್ದು, ಬರುವವರೂ ಹೋಗುವವರೂ ಇಲ್ಲದ ಆ ದಿನಗಳಲ್ಲಿ. ನಾನೂ ನನ್ನ ವರ್ಷವನ್ನು ಆರಿದ್ರಾದಿಂದ ಆರಿದ್ರಾಕ್ಕೆ ಎಣಿಸುತ್ತೇನೆ.

ಕಳೆದ ವರ್ಷದ ಮೊದಲ ವಿಳಾಸ ಮನೆಯ ಹಿಂದಿನ ತೋಟವೇ ಆಗಿತ್ತು, ವಿಷಯ ಮಳೆಗಾಲದಲ್ಲಿ ಅಡಿಕೆ ಕಾಯಿಯನ್ನು ಕೊಳೆಸಿ ಉದುರಿಸುವ ಕೊಳೆರೋಗ. ಮಳೆಗೆ ಮುನ್ನ ಒಮ್ಮೆ, 40–45 ದಿನಗಳ ಬಳಿಕ ಮತ್ತೊಮ್ಮೆ ಕೊನೆಗಳಿಗೆ, ಅಂದರೆ ಅಡಿಕೆ ಗೊನೆಗಳಿಗೆ, ಔಷಧಿ ಹೊಡೆಯುವುದನ್ನು ಹುಟ್ಟಿದಾಗಿನಿಂದ ನೋಡಿದ್ದೇನೆ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ (ತಾಮ್ರದ ಸಲ್ಫೇಟು), ಒಂದು ಕಿಲೋ ಸುಣ್ಣ. ಆಮೇಲೆ ಕತ್ತಿಯ ಅಲಗನ್ನು ಅದ್ದಿ ನೋಡಿ, ಅದು ಕೆಂಪಾದರೆ ಇನ್ನಷ್ಟು ಸುಣ್ಣ. ಅಲಗು ಏಕೆ ಕೆಂಪಾಗುತ್ತದೆಂದು ಔಷಧಿ ಹೊಡೆಯುವವರನ್ನು ಕೇಳಿದರೆ, ‘ಸುಣ್ಣ ಸಾಲದು, ಅದಕ್ಕೇ’ ಎಂಬ ಉತ್ತರ ಬಂತು. ಉತ್ತರ ಸರಿಯಾಗಿಯೇ ಇದೆ. ಸುಣ್ಣದೊಡನೆ ಸೇರದೆ ಉಳಿದ ಮೈಲುತುತ್ತದಲ್ಲಿ ಕಬ್ಬಿಣ ಕರಗುತ್ತದೆ, ಅದರ ಜಾಗಕ್ಕೆ ತಾಮ್ರ ಬಂದು ಅಲಗಿನ ಮೇಲೆ ಕೂರುತ್ತದೆ. ಹಾಗೆ ಉಳಿದ ಮೈಲುತುತ್ತವೇ ಎಳೆಯ ಕಾಯನ್ನು ಸುಡುವಂಥದು. ಹೈಸ್ಕೂಲಿನ ರಸಾಯನಶಾಸ್ತ್ರದ ಈ ಪಾಠ ವರ್ಷವರ್ಷವೂ ನಮ್ಮ ಹಿತ್ತಿಲಿನ ಡ್ರಮ್ಮಿನಲ್ಲಿ ನಡೆಯುತ್ತಿತ್ತು.

ಅಲ್ಲಿಂದ ದಾರಿ ಎತ್ತೆತ್ತಲೋ ಹೋಯಿತು. ಈ ದ್ರಾವಣ 1885ರಲ್ಲಿ ಫ್ರಾನ್ಸಿನ ದ್ರಾಕ್ಷಿ ತೋಟಗಳ ರೋಗಕ್ಕೆಂದು ಸಸ್ಯವಿಜ್ಞಾನಿ ಮಿಲಾರ್ಡೆ ಪ್ರಕಟಿಸಿದ ಮದ್ದು. ಅದನ್ನು ನಮ್ಮ ಅಡಿಕೆಗೆ ಒಗ್ಗಿಸಿದವರು, 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್. ಅದಕ್ಕೆ ಮೊದಲು ಕೊನೆಗಳಿಗೆ ಮಳೆ ತಾಗದಂತೆ ಕೊಟ್ಟೆ ಎಂಬ ಹೊದಿಕೆ ಕಟ್ಟುವುದೊಂದೇ ಉಪಾಯವಾಗಿತ್ತು. ರೋಗ ತರುವ ಫೈಟಾಫ್ತೊರಾ ಎಂಬ ಸೂಕ್ಷ್ಮಜೀವಿಯನ್ನು ರೂಢಿಯಲ್ಲಿ ಶಿಲೀಂಧ್ರವೆನ್ನುತ್ತೇವಾದರೂ ಅದು ಶಿಲೀಂಧ್ರವಲ್ಲ, ಕಡಲಿನ ಕಂದು ಪಾಚಿಗಳ ದಾಯಾದಿ. ಅದರ ಕುಲದ ಇನ್ನೊಂದು ಜೀವಿ 1845ರಲ್ಲಿ ಐರ್ಲೆಂಡಿನ ಆಲೂಗೆಡ್ಡೆಯನ್ನು ಕೊಳೆಸಿ ಮಹಾಕ್ಷಾಮವನ್ನೇ ತಂದಿತ್ತು. ಕಡಲಿನವರ ನೆಂಟ ಘಟ್ಟ ಹತ್ತಿ ಬಂದು ನಮ್ಮ ಕೊನೆಯಲ್ಲಿ ಕುಳಿತಿದ್ದಾನೆಂದು ಗೊತ್ತಾದ ಮೇಲೆ ಬೈಯುವಾಗಲೂ ತುಸು ಮರ್ಯಾದೆ ಬರುತ್ತದೆ.

ಎರಡನೆಯ ವಿಳಾಸ ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆ. ಅಲ್ಲಿನ ಕೋಡಿಯ ಮಠದ 1162ರ ಶಾಸನವನ್ನು ಪೂರ್ತಿ ಓದಬೇಕೆಂಬುದಷ್ಟೇ ಗುರಿ. ನಾಲ್ಕು ವೇದಗಳು, ಕೌಮಾರ, ಪಾಣಿನೀಯ, ಶಾಕಟಾಯನ ವ್ಯಾಕರಣಗಳು, ನ್ಯಾಯ, ವೈಶೇಷಿಕ, ಸಾಂಖ್ಯ, ಬೌದ್ಧ ದರ್ಶನ, ಹದಿನೆಂಟು ಪುರಾಣಗಳು ಎಂದು ಅಲ್ಲಿ ಕಲಿಸುತ್ತಿದ್ದುದರ ಪಟ್ಟಿ ಸಾಗುತ್ತದೆ. ಶೈವಮಠವೊಂದು ಬೌದ್ಧ ದರ್ಶನವನ್ನೂ ಪಾಠಕ್ಕಿಟ್ಟುಕೊಂಡಿತ್ತೆಂಬುದು ನನಗೆ ಬಹಳ ಹಿಡಿಸಿತು. ಎದುರಾಳಿಯ ಮಾತನ್ನು ಅರಿಯದೆ ವಾದಕ್ಕಿಳಿಯುವ ಅಭ್ಯಾಸ ಆ ಕಾಲದ್ದಲ್ಲವೆಂದು ಕಾಣುತ್ತದೆ. ಪಟ್ಟಿ ಅಲ್ಲಿಗೇ ನಿಲ್ಲದೆ, ದೀನರಿಗೆ, ಕುರುಡರಿಗೆ, ಕುಂಟರಿಗೆ ಅನ್ನ ನೀಡುವ, ರೋಗಿಗಳಿಗೆ ಚಿಕಿತ್ಸೆ ನಡೆಸುವ ತಾಣವೆಂದೂ ಅದೇ ಉಸಿರಿನಲ್ಲಿ ಹೇಳುತ್ತದೆ. ವ್ಯಾಕರಣಕ್ಕೂ ಗಂಜಿಗೂ ನಡುವೆ ಶಾಸನದವನು ಗೆರೆ ಎಳೆದಿಲ್ಲ.

ಈ ಆರಿದ್ರಾಕ್ಕೆ ಒಂದೇ ವಿಳಾಸ: ಬಳ್ಳಿಗಾವೆಗೆ ಹತ್ತಿರದ ತಾಳಗುಂದದ ಕಂಬ. ಐದನೆಯ ಶತಮಾನದಲ್ಲಿ ಕವಿ ಕುಬ್ಜನು ಸಂಸ್ಕೃತದಲ್ಲಿ ರಚಿಸಿ ತಾನೇ ಕಲ್ಲಿಗೇರಿಸಿದ ಕಾವ್ಯವದು. ಕದಂಬ ರಾಜ್ಯ ಕಟ್ಟಿದ ಮಯೂರಶರ್ಮ ಗುರು ವೀರಶರ್ಮನೊಡನೆ ಓದಲೆಂದು ಕಂಚಿಯ ಘಟಿಕೆ ಎಂಬ ವಿದ್ಯಾಕೇಂದ್ರಕ್ಕೆ ಹೋದದ್ದು, ಪಲ್ಲವರ ಕುದುರೆಸವಾರನೊಡನೆ ಜಗಳವಾದದ್ದು, ದರ್ಭೆ ಹಿಡಿದ ಕೈಯಲ್ಲಿ ಖಡ್ಗ ಹಿಡಿದದ್ದು ಅದರಲ್ಲಿದೆ. ಓದಿನ ಯೋಜನೆ ಕೆಟ್ಟು ರಾಜ್ಯವೇ ಕೈಗೆ ಬಂದ ಇಂಥ ನಿದರ್ಶನ ಇನ್ನೊಂದು ಸಿಗಲಿಕ್ಕಿಲ್ಲ. ಅನುವಾದ ಸಾಲದು, ಮೂಲವೇ ಬೇಕೆಂದು ನೆರೆಮನೆಯ ನಿವೃತ್ತ ಸಂಸ್ಕೃತ ಮೇಷ್ಟ್ರನ್ನು ಕೇಳಿಕೊಂಡಿದ್ದೇನೆ. ಅವರು ನನ್ನ ಉತ್ಸಾಹಕ್ಕಿಂತ ಪಂಚಾಂಗವನ್ನು ಹೆಚ್ಚು ನಂಬುವವರು. ಪುಷ್ಯ ಮಳೆ ಮುಗಿಯುವುದರೊಳಗೆ ಶಬ್ದರೂಪಗಳು ಬಾಯಿಗೆ ಬರಬೇಕು, ಕೊನೆಕೊಯ್ಲಿಗೆ ಮುಂಚೆ ಮಯೂರಶರ್ಮ ಕಂಚಿಯನ್ನಾದರೂ ಮುಟ್ಟಿರಬೇಕು ಎಂದಿದ್ದಾರೆ. ಪಲ್ಲವರೊಂದಿಗಿನ ಜಗಳವನ್ನು ಮುಂದಿನ ವರ್ಷಕ್ಕೆ ಇಟ್ಟುಕೊಳ್ಳೋಣವಂತೆ.