ಜಿಲ್ಲೆಯ ಮಕ್ಕಳಿಗೂ ಈ ಓದು ಬೇಕು

ಇಂಗ್ಲಿಷ್ ಸಾಹಿತ್ಯ, ಕ್ರಿಯೇಟಿವ್ ರೈಟಿಂಗ್ (ಕಥೆ, ಕವನ ಬರೆಯಲು ಕಲಿಯುವುದು) ಎಲ್ಲ ಬೆಂಗಳೂರಿನ ಅನುಕೂಲಸ್ಥರಿಗೆ ಸರಿ, ಜಿಲ್ಲೆಯ ಮಕ್ಕಳು ಕೆಲಸ ಸಿಗುವ ಕೋರ್ಸ್ ನೋಡಿಕೊಳ್ಳಲಿ ಅಂತ ಒಬ್ಬ ಲೇಖಕರು ತಮ್ಮ ಲೇಖನದಲ್ಲಿ ಬರೆದಿದ್ದಾರೆ. ನಾನು ಇದನ್ನು ಒಪ್ಪುವುದಿಲ್ಲ. ಕೋಲಾರದಲ್ಲಿ ಡಿಗ್ರಿ ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡುತ್ತೇನೆ. ಎಷ್ಟೋ ಜನ ಮನೆಯಲ್ಲಿ ತೆಲುಗು, ಹೊರಗೆ ಕನ್ನಡ ಆಡುತ್ತಾರೆ. ಕೆಜಿಎಫ್ ಕಡೆಯವರಿಗೆ ತಮಿಳೂ ಬರುತ್ತದೆ. ಇಷ್ಟು ಭಾಷೆ ಕಿವಿಗೆ ಬಿದ್ದವರಿಗೆ ಮಾತಿನ ಲಯ ತಾನಾಗಿ ಗೊತ್ತಿರುತ್ತದೆ. ಕಥೆ ಬರೆಯುವವರಿಗೆ ಅದು ದೊಡ್ಡ ಆಸ್ತಿ ಅಲ್ವಾ?

ಬರವಣಿಗೆ ಹುಟ್ಟಿನಿಂದ ಬರಬೇಕು, ಕಲಿಸಲು ಆಗುವುದಿಲ್ಲ ಅನ್ನುವುದೂ ಪೂರ್ತಿ ನಿಜವಲ್ಲ. ಅಮೆರಿಕದ ಅಯೋವಾ ವಿಶ್ವವಿದ್ಯಾಲಯದಲ್ಲಿ 1936ರಿಂದ, ಇಂಗ್ಲೆಂಡಿನ ಈಸ್ಟ್ ಆಂಗ್ಲಿಯಾದಲ್ಲಿ 1970ರಿಂದ ಕಲಿಸುತ್ತಿದ್ದಾರೆ. ಇಂಥ ಕ್ಲಾಸಿನಲ್ಲಿ ಒಬ್ಬರು ಬರೆದದ್ದನ್ನು ಉಳಿದವರು ಮೊದಲೇ ಓದಿಕೊಂಡು ಬರುತ್ತಾರೆ. ಕಥೆ ಎಲ್ಲಿ ಎಳೆದಿದೆ, ಯಾವ ಮಾತು ಸುಮ್ನೆ ಬಂದಿದೆ ಅಂತ ಹೇಳುತ್ತಾರೆ. ಬರೆದವರು ತಿದ್ದುತ್ತಾರೆ, ಮತ್ತೆ ತಿದ್ದುತ್ತಾರೆ. ಇದಕ್ಕೆ ಲ್ಯಾಬ್ ಬೇಡ, ಜಾಸ್ತಿ ದುಡ್ಡೂ ಬೇಡ. ಒಂದು ರೂಮು, ಹತ್ತು ಹನ್ನೆರಡು ಮಕ್ಕಳು, ತಾಳ್ಮೆ ಇರುವ ಮೇಷ್ಟ್ರು ಸಾಕು.

ಇಂಗ್ಲಿಷ್ ಓದಿದವರು ಕನ್ನಡ ಬಿಡುತ್ತಾರೆ ಅನ್ನುವವರು ನಮ್ಮ ಮಾಲೂರು ತಾಲ್ಲೂಕಿನ ಕಡೆ ನೋಡಲಿ. ಅಲ್ಲಿಯವರೇ ಆದ ಕಥೆಗಾರ ಮಾಸ್ತಿಯವರು ಮದ್ರಾಸಿನಲ್ಲಿ ಇಂಗ್ಲಿಷ್ ಎಂ.ಎ. ಮಾಡಿದವರು. ಜೀವನಪೂರ್ತಿ ಕಥೆ ಬರೆದದ್ದು ಕನ್ನಡದಲ್ಲಿ. 1983ರ ಜ್ಞಾನಪೀಠವೂ ಬಂತು.

ಬೆಂಗಳೂರು ಉತ್ತರ ವಿಶ್ವವಿದ್ಯಾಲಯ ಕೋಲಾರದಲ್ಲೇ ಇದೆ. ಅದರ ಕಾಲೇಜುಗಳು ವಾರಕ್ಕೆ ಎರಡು ಪೀರಿಯಡ್ ಇಂಥ ಬರವಣಿಗೆಗೆ ಕೊಡಲಿ. ಮಕ್ಕಳು ಟೊಮೆಟೊ ಮಂಡಿಯ ಬಗ್ಗೆ, ಮುಚ್ಚಿದ ಚಿನ್ನದ ಗಣಿಯ ಬಗ್ಗೆ ಇಂಗ್ಲಿಷಿನಲ್ಲಿ ಬರೆದರೆ ಓದಲು ನಾನಂತೂ ಕಾಯುತ್ತಿದ್ದೇನೆ.