ಇಂಜಿನ್‌ಗೆ ಕೈ ಹಾಕುವ ಮುಂಚೆ ಗೇರ್ ಲೆಕ್ಕ ಹಾಕಿ

ಕಾಡು ಬೆಟ್ಟ ಹತ್ತಿಸುವ ಫೋರ್ ವೀಲ್ ಗಾಡಿಗೆ ದೊಡ್ಡ ಟೈರ್ ಹಾಕಿಸಿದ ಮೇಲೆ ಅದು ಎಳೀತಿಲ್ಲ, ಪವರ್ ಜಾಸ್ತಿ ಮಾಡೋಕೆ ಏನು ಮಾಡಲಿ ಅಂತ ಈಚೆಗೆ ಮೂವರು ಗೆಳೆಯರು ಕೇಳಿದರು. ಮೂವರ ತಲೆಯಲ್ಲೂ ರೀಮ್ಯಾಪ್ (ಇಂಜಿನ್ ಕಂಪ್ಯೂಟರಿನ ಪ್ರೋಗ್ರಾಂ ಬದಲಿಸುವುದು), ದೊಡ್ಡ ಟರ್ಬೊ (ಇಂಜಿನ್ ಒಳಗೆ ಗಾಳಿ ಒತ್ತಿ ತುಂಬುವ ಸಾಧನ), ಫ್ರೀ ಫ್ಲೋ ಸೈಲೆನ್ಸರ್ ಇಷ್ಟೇ ಓಡುತ್ತಿತ್ತು. ಆಕ್ಸಲ್ ಒಳಗೆ ಕೂತು ಚಕ್ರ ತಿರುಗಿಸುವ ಗೇರ್ ಜೋಡಿ, ಅಂದರೆ ಕ್ರೌನ್ ಪಿನಿಯನ್ ಬಗ್ಗೆ ಒಬ್ಬರೂ ಕೇಳಲಿಲ್ಲ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ನಾನು ಮಾಡಿದ್ದೂ ಇದೇ. 29 ಇಂಚಿನ ಟೈರ್ ತೆಗೆದು 33 ಇಂಚಿನದು ಹಾಕಿಸಿದೆ. ಸಸ್ಪೆನ್ಷನ್ ಎತ್ತರಿಸಿದೆ. ಮುಂದೆ ಕಬ್ಬಿಣದ ಬಂಪರ್, ಅದಕ್ಕೊಂದು ವಿಂಚ್, ಮೇಲೆ ಕ್ಯಾರಿಯರ್. ಆಮೇಲೆ ನೋಡಿದರೆ ಮೂರನೇ ಗೇರಿನಲ್ಲಿ ಹತ್ತುತ್ತಿದ್ದ ಏರಿಗೆ ಎರಡನೇ ಗೇರ್ ಬೇಕಾಯಿತು. ಐದನೇ ಗೇರ್ ಇದ್ದೂ ಇಲ್ಲದ ಹಾಗಾಯಿತು. ಇಂಜಿನ್ ಸೋತಿದೆ ಅಂದುಕೊಂಡೆ. ಟರ್ಬೊ ಡೀಸೆಲ್ ಗಾಡಿ ಅಲ್ವಾ, ರೀಮ್ಯಾಪ್ ಮಾಡಿಸಿದೆ.

ನಾಲ್ಕು ದಿನ ಖುಷಿಯೋ ಖುಷಿ. ಆಮೇಲೆ ಒಂದು ದಿನ ಕೆಸರಿನ ಏರು. ಟಾರ್ಕ್ (ತಿರುಗಿಸುವ ಬಲ) ಹೇಗೂ ಇದೆಯಲ್ಲ ಅಂತ ಲೋ ಗೇರ್ (ವೇಗ ಇಳಿಸಿ ಎಳೆತ ಹೆಚ್ಚಿಸುವ, ಫೋರ್ ವೀಲ್ ಗಾಡಿಯ ಹೆಚ್ಚುವರಿ ಗೇರ್) ಹಾಕದೆ ಒತ್ತಿದೆ. ಆರ್‌ಪಿಎಂ ಮುಳ್ಳು 2,000ದಿಂದ ಸರ್‍ರನೆ 3,000ಕ್ಕೆ ಹೋಯಿತು. ಗಾಡಿ ಮಾತ್ರ ಇದ್ದಲ್ಲೇ ಇತ್ತು. ಚಕ್ರಗಳೂ ತಿರುಗುತ್ತಿಲ್ಲ. ಮರುಕ್ಷಣ ಕ್ಲಚ್ ಸುಟ್ಟ ಘಾಟು ಮೂಗಿಗೆ ಬಡಿಯಿತು. ಗೇರ್‌ಬಾಕ್ಸ್ ಇಳಿಸಿ ನೋಡಿದಾಗ ಪ್ರೆಷರ್ ಪ್ಲೇಟ್ ಮೇಲೆ ಕಾದು ನೀಲಿಗಟ್ಟಿದ ಕಲೆಗಳಿದ್ದವು. ಕ್ಲಚ್ ಪ್ಲೇಟ್ ರಿವೆಟ್ಟಿನ ಮಟ್ಟಕ್ಕೆ ಸವೆದಿತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ್ದೆ.

ಜ್ವರ ಇದ್ದದ್ದು ಎಲ್ಲಿ ಅಂತ ಲೆಕ್ಕ ಹಾಕಿ ನೋಡಿ. 33 ಅನ್ನು 29ರಿಂದ ಭಾಗಿಸಿದರೆ ಸುಮಾರು 1.14. ಚಕ್ರ ಒಂದು ಸುತ್ತು ತಿರುಗಿದರೆ ಗಾಡಿ ಶೇ. 14ರಷ್ಟು ಜಾಸ್ತಿ ದೂರ ಹೋಗುತ್ತದೆ. ಇದು ಪುಕ್ಕಟೆ ಸಿಗೋದಿಲ್ಲ. ನೆಲವನ್ನು ತಳ್ಳುವ ಬಲ ಶೇ. 12ರಷ್ಟು ಇಳಿಯುತ್ತದೆ. ಆಕ್ಸಲ್ ರೇಶಿಯೋ ಅಂದರೆ ಚಕ್ರ ಒಂದು ಸುತ್ತು ತಿರುಗಲು ಗೇರ್ ಕಡೆಯಿಂದ ಬರುವ ಶಾಫ್ಟ್ ಎಷ್ಟು ಸುತ್ತು ತಿರುಗಬೇಕು ಅನ್ನೋದು. ನನ್ನದು 3.73 ಇತ್ತು, ಅದು 3.28 ಇದ್ದ ಹಾಗೆ ಕೆಲಸ ಮಾಡುತ್ತಿತ್ತು. ಸ್ಪೀಡೋಮೀಟರ್ 60 ತೋರಿಸುವಾಗ ಗಾಡಿ ನಿಜವಾಗಿ 68ರಲ್ಲಿ ಇರುತ್ತಿತ್ತು. ಇಂಜಿನ್‌ಗೆ ಏನೂ ಆಗಿರಲಿಲ್ಲ.

ಹಳೆಯ ಎಳೆತ ವಾಪಸ್ ಬರಲು 4.24 ಸಾಕಿತ್ತು. ಬಂಪರ್, ವಿಂಚ್ ತೂಕವೂ ಸೇರಿತ್ತಲ್ಲ, ಹಾಗಾಗಿ 4.56 ರೇಶಿಯೋದ ಕ್ರೌನ್ ಪಿನಿಯನ್ ಹಾಕಿಸಿದೆ. ಇನ್ನೊಂದು ಲೆಕ್ಕ ನೋಡಿ. ಇಂಜಿನ್ ಟಾರ್ಕ್ 250 ನ್ಯೂಟನ್ ಮೀಟರ್ ಅಂತಿಟ್ಟುಕೊಳ್ಳಿ. ಮೊದಲ ಗೇರ್ 4, ಲೋ ಗೇರ್ 2.5. ಆಕ್ಸಲ್ 3.73 ಇದ್ದರೆ ಚಕ್ರಗಳಿಗೆ ಒಟ್ಟು 9,325 ಬರುತ್ತದೆ. 4.56 ಇದ್ದರೆ 11,400. ನಡುವೆ ಉಜ್ಜಾಟದಲ್ಲಿ ಹೋಗುವುದನ್ನು ಇಲ್ಲಿ ಹಿಡಿದಿಲ್ಲ. ಇದನ್ನೇ ಇಂಜಿನ್‌ನಿಂದ ಹಿಂಡಬೇಕಾದರೆ 250 ಇದ್ದದ್ದನ್ನು ಸುಮಾರು 306 ಮಾಡಬೇಕು. ಆ ಹೆಚ್ಚುವರಿ ಹೊರೆ ಮೊದಲು ಕ್ಲಚ್ ಮೇಲೆ, ಆಮೇಲೆ ಗೇರ್‌ಬಾಕ್ಸ್ ಮೇಲೆ ಬೀಳುತ್ತದೆ. ಆಕ್ಸಲ್‌ನಲ್ಲಿ ಗೇರ್ ಬದಲಿಸಿದರೆ ಇವೆರಡಕ್ಕೂ ಕೆಲಸ ಹಗುರ. ಜಾಸ್ತಿ ಹೊರೆ ಬೀಳುವುದು ಆಕ್ಸಲ್ ಶಾಫ್ಟ್‌ಗಳಿಗೆ ಮಾತ್ರ. ಸ್ಟೇರಿಂಗ್ ಪೂರ್ತಿ ತಿರುಗಿಸಿಕೊಂಡು ಜೋರಾಗಿ ಒತ್ತಬೇಡಿ, ತಿರುಗುವ ಮುಂಚಕ್ರಕ್ಕೆ ಬಲ ಸಾಗಿಸುವ ಸಿವಿ ಜಾಯಿಂಟ್ ಮುರಿಯುವುದು ಸಾಮಾನ್ಯವಾಗಿ ಹಾಗೇ.

ಮುಂದೆ ಹಿಂದೆ ಎರಡೂ ಆಕ್ಸಲ್‌ಗೆ ಒಂದೇ ರೇಶಿಯೋ ಇರಲೇಬೇಕು. ಒಂದಕ್ಕೆ ಮಾತ್ರ ಹಾಕಿ ಗಟ್ಟಿ ನೆಲದಲ್ಲಿ ಫೋರ್ ವೀಲ್ ಹಾಕಿದರೆ ಬಲವನ್ನು ಎರಡೂ ಆಕ್ಸಲ್‌ಗೆ ಹಂಚುವ ಟ್ರಾನ್ಸ್‌ಫರ್ ಕೇಸ್ ಕಥೆ ಮುಗಿಯಿತು. ಈ ಕೆಲಸ ಅವಸರದಲ್ಲಿ ಆಗೋದೂ ಅಲ್ಲ. ನನ್ನ ಗಾಡಿಗೆ ಮಾಡಿದವರು ಕ್ರೌನ್ ಹಲ್ಲುಗಳಿಗೆ ಬಣ್ಣ ಹಚ್ಚಿ, ಕೈಯಲ್ಲೇ ತಿರುಗಿಸಿ, ಪಿನಿಯನ್ ಗುರುತು ಎಲ್ಲಿ ಬೀಳುತ್ತದೆ ಅಂತ ಟಾರ್ಚ್ ಹಿಡಿದು ನೋಡಿದರು. ಗುರುತು ಹಲ್ಲಿನ ಬುಡಕ್ಕೆ ಬಿತ್ತು. ಬಿಚ್ಚಿದರು, ಶಿಮ್ (ಸಂದು ಸರಿ ಮಾಡುವ ತೆಳು ಬಿಲ್ಲೆ) ಬದಲಿಸಿದರು, ಮತ್ತೆ ಕೂರಿಸಿದರು. ನಾಲ್ಕನೇ ಸಲ ಗುರುತು ಹಲ್ಲಿನ ನಟ್ಟನಡುವೆ ಬಂತು. ಅಷ್ಟು ತಾಳ್ಮೆ ಇಲ್ಲದವರ ಕೈಗೆ ಕೊಟ್ಟರೆ ಆಕ್ಸಲ್ ಕೂಗಲು ಶುರು ಮಾಡುತ್ತದೆ.

ಹಾಗಾದರೆ ಇಂಜಿನ್ ಮುಟ್ಟಲೇಬಾರದಾ? ಮುಟ್ಟಿ, ಗೇರ್ ಸರಿಯಾದ ಮೇಲೆ. ಅದಕ್ಕೂ ಮುಂಚೆ ಇರುವ ಪವರ್ ಪೂರ್ತಿ ಸಿಗುತ್ತಿದೆಯಾ ನೋಡಿ. ಏರ್ ಫಿಲ್ಟರ್ ಧೂಳು ಹಿಡಿದಿರಬಹುದು. ಟರ್ಬೊ ಗಾಳಿಯನ್ನು ತಣಿಸುವ ಇಂಟರ್‌ಕೂಲರ್‌ನ ಹೋಸ್ ಎಲ್ಲೋ ಸೀಳಿ ಗಾಳಿ ಸೋರುತ್ತಿರಬಹುದು. ಬ್ರೇಕ್ ಹಿಡಿದುಕೊಂಡಿರಬಹುದು. ಹಳೆಯ ಇಂಜಿನ್ ಆದರೆ ಕಂಪ್ರೆಷನ್ (ಸಿಲಿಂಡರ್ ಒಳಗಿನ ಒತ್ತಡ) ಪರೀಕ್ಷೆ ಆಗದೆ ಮುಂದಿನ ಮಾತು ಬೇಡ.

ಟರ್ಬೊ ಇಲ್ಲದ ಪೆಟ್ರೋಲ್ ಇಂಜಿನ್‌ಗೆ ಸುಮ್ನೆ ದಪ್ಪ ಸೈಲೆನ್ಸರ್ ಪೈಪ್ ಹಾಕಿಸಬೇಡಿ. ಸದ್ದು ಜಾಸ್ತಿಯಾಗುತ್ತದೆ, ಕಲ್ಲು ಹತ್ತುವಾಗ ಬೇಕಾದ ಕಡಿಮೆ ಆರ್‌ಪಿಎಂ ಟಾರ್ಕ್ ಕೈ ಬಿಡುತ್ತದೆ. ದೊಡ್ಡ ಟರ್ಬೊದ್ದೂ ಹೆಚ್ಚುಕಡಿಮೆ ಇದೇ ಕಥೆ, ಅದು ತಡವಾಗಿ ಏಳುತ್ತದೆ. ಇಂಜಿನ್ ಗಾಳಿ ಎಳೆಯಲು ಎತ್ತರಕ್ಕೆ ಹಾಕುವ ಪೈಪ್, ಅಂದರೆ ಸ್ನಾರ್ಕೆಲ್ ಇರುವುದು ನೀರು, ಧೂಳಿನಿಂದ ಕಾಪಾಡಲು, ಪವರ್‌ಗಲ್ಲ.

ಡೀಸೆಲ್ ರೀಮ್ಯಾಪ್ ಮಾಡಿಸುವುದಾದರೆ ಎಕ್ಸಾಸ್ಟ್ ತಾಪ ತೋರಿಸುವ ಮೀಟರ್ ಮೊದಲು ಹಾಕಿಸಿ. ಇದನ್ನು ಕೈಮುಗಿದು ಹೇಳುತ್ತೇನೆ. ಡೀಸೆಲ್‌ನಲ್ಲಿ ಇಂಧನ ಜಾಸ್ತಿ ಆದಷ್ಟೂ ಶಾಖ ಜಾಸ್ತಿ. ಅಲ್ಯೂಮಿನಿಯಂ ಕರಗುವುದು 660 ಡಿಗ್ರಿಯಲ್ಲಿ, ಹೆಚ್ಚಿನ ಪಿಸ್ಟನ್‌ಗಳು ಅದರ ಮಿಶ್ರಲೋಹದವೇ. ಹೆದ್ದಾರಿಯಲ್ಲಾದರೆ ಎದುರು ಗಾಳಿ ರೇಡಿಯೇಟರನ್ನು ತಣ್ಣಗಿಡುತ್ತದೆ. ಕಾಡಿನ ಏರಿನಲ್ಲಿ ಗಂಟೆಗೆ ಐದು ಕಿಲೋಮೀಟರ್ ವೇಗದಲ್ಲಿ ತೆವಳುವಾಗ ಆ ಗಾಳಿ ಎಲ್ಲಿಂದ ಬರಬೇಕು? ಕಪ್ಪು ಹೊಗೆ ಕಂಡು ಪವರ್ ಅಂತ ಖುಷಿಪಡುವವರಿದ್ದಾರೆ. ಅದು ಸರಿಯಾಗಿ ಉರಿಯದ ಇಂಧನ.

ಎತ್ತರದ ಬೆಟ್ಟಗಳಿಗೆ ಹೋಗುವವರಿಗೆ ಟರ್ಬೊ ನಿಜಕ್ಕೂ ಬೇಕು. 3,000 ಮೀಟರ್ ಎತ್ತರದಲ್ಲಿ ಗಾಳಿ ಸಮುದ್ರ ಮಟ್ಟಕ್ಕಿಂತ ಸುಮಾರು ಕಾಲು ಭಾಗ ತೆಳು. ಟರ್ಬೊ ಇಲ್ಲದ ಇಂಜಿನ್ ಅಲ್ಲಿ ಏದುಸಿರು ಬಿಡುವುದು ಸಹಜ.

ನಾನು ರೀಮ್ಯಾಪ್ ತೆಗೆಸಿ ಮೊದಲಿನ ಮ್ಯಾಪ್‌ಗೇ ಬಂದಿದ್ದೇನೆ. ಹೋದ ವಾರ ಅದೇ ಕೆಸರಿನ ಏರಿಗೆ ಹೋದೆ. ಟೈರ್ ಗಾಳಿ 18 ಪಿಎಸ್‌ಐಗೆ ಇಳಿಸಿ, ಲೋ ಹಾಕಿ, ಎರಡನೇ ಗೇರಿನಲ್ಲಿ ಬಿಟ್ಟೆ. ಮುಳ್ಳು 1,500 ದಾಟಲಿಲ್ಲ. ಗಾಡಿ ಒಂದೇ ಹದದಲ್ಲಿ ಮೇಲಕ್ಕೆ ಹೋಗಿ ನಿಂತಿತು. ನಿಮ್ಮ ಗಾಡಿಯ ಹಳೇ ಟೈರ್ ಸೈಜು, ಹೊಸ ಸೈಜು, ಆಕ್ಸಲ್ ರೇಶಿಯೋ, ತೂಕ ಬರೆದು ಕಳಿಸಿ. ಕೂತು ಲೆಕ್ಕ ಹಾಕೋಣ.