ಹಾ ಅಂದ್ರೆ ಹೌದಲ್ಲ

ಬ್ಯಾಂಕಾಕ್‌ಗೆ ಹೋಗಿಬರೋಣ ಅಂದಿದ್ದು ಭಾವ. 2023ರ ನವೆಂಬರ್‌ನಿಂದ ಭಾರತೀಯರಿಗೆ ವೀಸಾ ಬೇಡ ಅಂತ ಥಾಯ್ಲೆಂಡ್ ಹೇಳಿತ್ತು. ವೀಸಾದ ದುಡ್ಡು ಉಳಿಯಿತಲ್ಲ, ಈಗ ಹೋಗದೇ ಇದ್ದರೆ ಅಷ್ಟೂ ನಷ್ಟ ಅನ್ನುವುದು ಅವರ ಲೆಕ್ಕ. ಅಕ್ಕ ಬರಲ್ಲ ಅಂದಳು. ಭಾವನ ಜೊತೆ ಒಂದು ಸಲ ಧರ್ಮಸ್ಥಳಕ್ಕೆ ಕಡಿಮೆ ಖರ್ಚಿನಲ್ಲಿ ಹೋಗಿಬಂದವಳು ಅವಳು. ಹಾಗಾಗಿ ಜನವರಿಯಲ್ಲಿ ನಾನು ಸಿಕ್ಕಿಬಿದ್ದೆ.

ರಾತ್ರಿ ವಿಮಾನ. ಊಟ ಕೊಡಲ್ಲ, ನೀರಿಗೂ ದುಡ್ಡು. ಅಕ್ಕ ಕಟ್ಟಿಕೊಟ್ಟ ಚಪಾತಿ, ಶೇಂಗಾ ಚಟ್ನಿಪುಡಿ ತಿಂದುಕೊಂಡು ಭಾವ ನನಗೆ ಪಾಠ ಶುರು ಮಾಡಿದರು. ಬ್ಯಾಂಕಾಕ್ ಅನ್ನುವುದು ಹೊರಗಿನವರು ಕರೆಯುವ ಹೆಸರಂತೆ. ಅಲ್ಲಿನವರು ಕ್ರುಂಗ್ ಥೇಪ್ ಅಂತಾರೆ, ಅಂದರೆ ದೇವನಗರಿ. ಪೂರ್ತಿ ಹೆಸರು ಒಂದು ಪ್ಯಾರಾದಷ್ಟು ಉದ್ದ ಇದೆ. ಅದರೊಳಗೆ ಮಹಾನಗರ ಬರುತ್ತೆ, ಅಯೋಧ್ಯೆ ಬರುತ್ತೆ, ಕೊನೆಗೆ ಇಂದ್ರ ಕೊಟ್ಟು ವಿಶ್ವಕರ್ಮ ಕಟ್ಟಿದ ಊರು ಅಂತಲೂ ಬರುತ್ತೆ. ರಾಜರ ಹೆಸರು ರಾಮ. ಇಳಿಯುವ ವಿಮಾನ ನಿಲ್ದಾಣ ಸುವರ್ಣಭೂಮಿ.

"ನಮ್ಮದೇ ಊರು ಕಣೋ. ಭಾಷೆ ಏನೂ ತೊಂದರೆ ಆಗಲ್ಲ" ಅಂದರು ಭಾವ.

ಮೂರೂವರೆ ಗಂಟೆ ಹಾರಿ ಇಳಿಯುವಾಗ ಗಗನಸಖಿ "ಸುವನ್ನಪೂಮ್" ಅಂದಳು. ಭಾವ ಗಾಬರಿಯಾಗಿ ಟಿಕೆಟ್ ತೆಗೆದು ನೋಡಿದರು, ಬೇರೆ ಊರಲ್ಲಿ ಇಳಿಸುತ್ತಿದ್ದಾರೇನೋ ಅಂತ. ಬರೆಯುವುದು ಸುವರ್ಣಭೂಮಿ, ಬಾಯಲ್ಲಿ ಸುವನ್ನಪೂಮ್. ಅದು ಮೊದಲ ಎಚ್ಚರಿಕೆ. ನಾವು ತೆಗೆದುಕೊಳ್ಳಲಿಲ್ಲ.

ಈ ನಿಲ್ದಾಣದಲ್ಲಿ ಸಮುದ್ರಮಥನದ ದೊಡ್ಡ ಶಿಲ್ಪ ಇದೆ. ವಾಸುಕಿಯನ್ನು ದೇವತೆಗಳು ಒಂದು ಕಡೆ, ಅಸುರರು ಇನ್ನೊಂದು ಕಡೆ ಎಳೆಯುತ್ತಿರುವುದು. ಅದರ ಮುಂದೆ ಫೋಟೋ ತೆಗೆಸಿಕೊಂಡೇ ಹೊರಗೆ ಹೋಗೋದು ಅಂತ ಭಾವ ಹಟ ಹಿಡಿದರು. ಅರ್ಧ ಗಂಟೆ ಹುಡುಕಿದೆವು. ಅದಿರುವುದು ಊರು ಬಿಟ್ಟು ಹೊರಡುವವರ ಕಡೆ. ಬರುವವರಿಗೆ ಸಿಗುವುದು ಇಮಿಗ್ರೇಶನ್ ಕ್ಯೂ ಮಾತ್ರ. ಎಳೆದಾಟ ಅಲ್ಲೂ ಇತ್ತು ಬಿಡಿ.

ಹೊರಗೆ ಬಂದ ತಕ್ಷಣ ಕಂಡ ಮೊದಲ ಕೌಂಟರ್‌ನಲ್ಲೇ ದುಡ್ಡು ಬದಲಾಯಿಸಿದೆವು. ಕೆಳಗೆ ರೈಲು ಹತ್ತೋಕೆ ನೆಲಮಾಳಿಗೆಗೆ ಇಳಿದರೆ ಅಲ್ಲಿ ಸಾಲಾಗಿ ಕೌಂಟರ್‌ಗಳು, ಪ್ರತಿಯೊಂದರಲ್ಲೂ ಮೇಲಿಗಿಂತ ಒಳ್ಳೆ ರೇಟು. ಭಾವ ಪ್ರತಿ ಬೋರ್ಡಿನ ಮುಂದೆಯೂ ನಿಂತು ಎಷ್ಟು ಹೋಯ್ತು ಅಂತ ಮೊಬೈಲಲ್ಲಿ ಗುಣಿಸಿದರು. ಆಗ ಒಂದು ಬಾತ್ ಅಂದರೆ ಹೆಚ್ಚೂಕಡಿಮೆ ಎರಡೂವರೆ ರೂಪಾಯಿ. ನಾಲ್ಕನೇ ಕೌಂಟರ್ ಹೊತ್ತಿಗೆ ಅವರ ಮುಖ ನೋಡೋಕೆ ಆಗಲಿಲ್ಲ.

ರೈಲಿಗೆ ಪಯಾಥೈವರೆಗೆ 45 ಬಾತ್. ಅಗ್ಗ, ತಣ್ಣಗಿನ ಎ.ಸಿ. ಭಾವನ ಜೀವ ಮರಳಿತು. ಪ್ರತಿ ಸ್ಟೇಷನ್ ಹತ್ತಿರ ಬಂದಾಗಲೂ "ಸಥಾನಿ ತೋ ಪೈ" ಅಂತ ಒಂದು ಹೆಣ್ಣುದನಿ. ಸಥಾನಿ ಅಂದರೆ ಸ್ಥಾನ, ಸ್ಟೇಷನ್. ತೋ ಪೈ ಅಂದರೆ ಮುಂದಿನದು.

"ಪೈ ಅಂತೆ! ಮಂಗಳೂರಿನವರು ಯಾರೋ ಇಲ್ಲಿ ದೊಡ್ಡ ಹುದ್ದೆಯಲ್ಲಿದ್ದಾರೆ" ಅಂದರು ಭಾವ. ಅವರು ತಮಾಷೆಗೆ ಹೇಳಿದರಾ ಅಂತ ನನಗೆ ಈಗಲೂ ಗೊತ್ತಿಲ್ಲ.

ಪಯಾಥೈಯಲ್ಲಿ ಇಳಿದರೆ ಪಕ್ಕದ ರಸ್ತೆಯ ಹೆಸರು ಶ್ರೀ ಅಯೋಧ್ಯೆ, ಅವರ ಬಾಯಲ್ಲಿ ಸೀ ಅಯುತ್ತಾಯ. ಹಾಸ್ಟೆಲ್ ಒಂದೂವರೆ ಕಿಲೋಮೀಟರ್. ನಡೆದೇ ಹೋಗೋಣ ಅಂತ ಹೊರಟವರು ನೂರು ಹೆಜ್ಜೆ ಹಾಕಿರಲಿಲ್ಲ, ಭಾವನ ಸೂಟ್‌ಕೇಸಿನ ಗಾಲಿ ಕಿತ್ತು ಚರಂಡಿ ಕಡೆ ಉರುಳಿತು. ಒಂದು ಟುಕ್‌ಟುಕ್ ತಾನಾಗಿ ಬಂದು ನಿಂತಿತು. ಇಂಥದ್ದಕ್ಕೆ ಬೆಂಗಳೂರಾದರೇನು, ಬ್ಯಾಂಕಾಕ್ ಆದರೇನು, ಆಟೋದವರಿಗೆ ಆರನೇ ಇಂದ್ರಿಯ ಇರುತ್ತೆ.

ವಯಸ್ಸಾದ ಡ್ರೈವರ್. ನಾನು ಮ್ಯಾಪ್ ತೋರಿಸಿದೆ. ಭಾವ "ಫಿಫ್ಟಿ?" ಅಂದರು.

"ಹಾ ರೋಯ್" ಅಂದ ಅವನು. ಐದು ಬೆರಳೂ ತೋರಿಸಿದ.

"ನೋಡಿದ್ಯಾ, ಹಾ ಅಂತ ಒಪ್ಪಿಕೊಂಡ. ಬಾರೋಯ್ ಅನ್ನೋ ಹಾಗೆ ರೋಯ್ ಬೇರೆ ಅಂದ. ಗಾಡಿ ಹತ್ತು" ಅಂದ ಭಾವ, ಅವನ ಅಂಗೈಗೆ ಖುಷಿಯಿಂದ ಪಟ್ ಅಂತ ತಟ್ಟಿದರು. ಅವನೂ ನಕ್ಕ. ಇಷ್ಟು ಸುಲಭದ ಗಿರಾಕಿ ಅವನ ಜೀವಮಾನದಲ್ಲಿ ಸಿಕ್ಕಿರಲಿಕ್ಕಿಲ್ಲ.

ಇಳಿದ ಮೇಲೆ ಐವತ್ತರ ನೋಟು ಕೊಟ್ಟಾಗ ನಗು ನಿಂತಿತು. ಥಾಯ್ ಭಾಷೆಯಲ್ಲಿ ಹಾ ಅಂದರೆ ಐದು. ಹಾ ಸಿಪ್ ಐವತ್ತು. ಹಾ ರೋಯ್ ಐನೂರು! ಹತ್ತು ನಿಮಿಷ ಎರಡು ಭಾಷೆಯಲ್ಲಿ ಜಗಳ ಆಗಿ, ಮುನ್ನೂರಕ್ಕೆ ಮುಗಿಯಿತು. ಮೀಟರ್ ಟ್ಯಾಕ್ಸಿ ಶುರುವಾಗುವುದೇ 35 ಬಾತ್‌ನಿಂದ ಅಂತ ಹಾಸ್ಟೆಲ್ ಹುಡುಗಿ ಆಮೇಲೆ ಹೇಳಿದಳು. ಹೇಳದೇ ಇದ್ದಿದ್ದರೆ ಚೆನ್ನಾಗಿತ್ತು.

ರೂಮು ಸಿಗುವುದು ಮಧ್ಯಾಹ್ನ ಎರಡಕ್ಕೆ. ಆಗಿನ್ನೂ ಬೆಳಗ್ಗೆ ಎಂಟು. ಹುಡುಗಿ ನಮ್ಮ ಎರಡು ಬ್ಯಾಗು ಅಲ್ಲೇ ಇಟ್ಟುಕೊಂಡು, ಏನಾದ್ರೂ ಬೇಕಾದರೆ ಮೆಸೇಜ್ ಮಾಡಿ ಅಂತ ನಂಬರ್ ಕೊಟ್ಟು ಕಳಿಸಿದಳು. ಮೂಲೆಯಲ್ಲಿ ತಳ್ಳುಗಾಡಿ, ದೊಡ್ಡ ಬಾಣಲೆ. ನಾನು ಓದಿಕೊಂಡು ಹೋಗಿದ್ದ ಒಂದೇ ಪದ ಬಳಸಿದೆ: "ಮಾಂಗ್‌ಸವಿರತ್." ಸಸ್ಯಾಹಾರಿ. ಬಿಡಿಸಿ ನೋಡಿದರೆ ಮಾಂಸ, ವಿರತಿ. ಅಡುಗೆಯಾಕೆಗೆ ತಕ್ಷಣ ಅರ್ಥ ಆಯಿತು. ಕೋಳಿ ಪಕ್ಕಕ್ಕಿಟ್ಟಳು. ಅನ್ನ, ಎಲೆಕೋಸು, ಕ್ಯಾರೆಟ್ ಹಾಕಿ ಹುರಿದಳು. ಭಾವ ಹೆಮ್ಮೆಯಿಂದ ನನ್ನ ಬೆನ್ನು ತಟ್ಟಿದರು. ಕೊನೆಯಲ್ಲಿ ಆಕೆ ಒಂದು ಬಾಟಲಿ ಎತ್ತಿ ಕಂದು ಬಣ್ಣದ ನೀರನ್ನು ಚಿರ್ ಅಂತ ಸುರಿದಳು.

"ಸೋಯಾ ಸಾಸ್" ಅಂತ ಭಾವ ಎರಡು ತುತ್ತು ಹಾಕಿಕೊಂಡೇ ಬಿಟ್ಟರು. ನನಗೆ ವಾಸನೆ ಮೇಲೆ ಅನುಮಾನ. ಬಾಟಲಿ ತೋರಿಸಿ ಕೇಳಿದರೆ "ನಾಮ್ ಪ್ಲಾ" ಅಂದಳು. ಹಾಸ್ಟೆಲ್ ಹುಡುಗಿಗೆ ಮೆಸೇಜ್ ಹಾಕಿದೆ: ನಾವು ಸಸ್ಯಾಹಾರಿಗಳು, ನಾಮ್ ಪ್ಲಾ ತಿನ್ನಬಹುದಾ? ಫೋನು ಭಾವನ ಕೈಗೆ ಕೊಟ್ಟು ನೀರು ತರೋಕೆ ಹೋದೆ.

ವಾಪಸ್ ಬಂದಾಗ ತಟ್ಟೆ ಇತ್ತು, ಭಾವ ಇರಲಿಲ್ಲ. ಬೆಂಚಿನ ಮೇಲಿದ್ದ ಫೋನಿನಲ್ಲಿ ಎರಡು ಉತ್ತರ. ಮೊದಲನೆಯದು "555". ಆಮೇಲೆ ಬಂದದ್ದು, "ಪ್ಲಾ ಅಂದರೆ ಮೀನು."

ಓಡಿದೆ. ಹಾಸ್ಟೆಲ್ ಕೌಂಟರ್ ಮೇಲೆ ಒಂದು ಐನೂರರ ನೋಟು, ಒಂದು ಐವತ್ತು, ಒಂದು ಐದರ ನಾಣ್ಯ. "ಇದು ಅನ್ಯಾಯ ಕಣಮ್ಮ, ಎರಡು ಬ್ಯಾಗು ಇಟ್ಟುಕೊಳ್ಳೋಕೆ ಐನೂರೈವತ್ತೈದಾ?" ಅಂತ ಭಾವ ಶುದ್ಧ ಕನ್ನಡದಲ್ಲಿ ಕೇಳುತ್ತಿದ್ದರು. ಹುಡುಗಿ ಒಮ್ಮೆ ದುಡ್ಡು ನೋಡಿದಳು, ಒಮ್ಮೆ ತನ್ನ ಮೆಸೇಜ್ ನೋಡಿದಳು. ಆಮೇಲೆ ಕುರ್ಚಿ ಹಿಡಿದುಕೊಂಡು ನಗೋಕೆ ಶುರು ಮಾಡಿದಳು. ಇಲ್ಲಿನವರು ನಗುವನ್ನು ಬರೆಯುವುದೇ ಹಾಗಂತೆ. ಒಂದೊಂದು ಐದನ್ನೂ ಬೆರಳಲ್ಲಿ ಮುಟ್ಟಿ ಓದಿ ತೋರಿಸಿದಳು.

"ಹಾ. ಹಾ. ಹಾ."

ಭಾವ ನನ್ನ ಕಡೆ ತಿರುಗಿ ಮೆಲ್ಲಗೆ ಕೇಳಿದರು: "ಹಾ ಅಂದ್ರೆ ಐದಲ್ವೇನೋ? ಇನ್ನೂ ಹದಿನೈದು ಕೊಡಬೇಕಾ?"